ಎಲುಬು ನೋಡೋಕೆ ಹೋದ ಐದು ದಿನ

ಹೊರಡೋಕೆ ಮುಂಚೆ

ಅಪ್ಪ ಅಮ್ಮ ಹೋದ ಬೇಸಿಗೆಗೆ ನಮ್ಮನೆಗೆ ಬಂದಿದ್ರು, ನಾವಿರೋದು ಡೆನ್ವರ್ ಪಕ್ಕ ಆರೋರಾದಲ್ಲಿ. ಊರಿಂದ ಬಂದೋರನ್ನ ಕರ್ಕೊಂಡು ಹೋಗೋ ಜಾಗಗಳದ್ದು ಒಂದು ಲಿಸ್ಟ್ ಇಲ್ಲಿ ಎಲ್ಲರ ಮನೇಲೂ ಇರತ್ತೆ, ನಮ್ಮನೇದು ರಾಕಿ ಮೌಂಟನ್ ಪಾರ್ಕ್, ಪೈಕ್ಸ್ ಪೀಕ್, ಒಂದು ದೇವಸ್ಥಾನ, ಎರಡು ಕಾಸ್ಟ್‌ಕೋ. ಎರಡು ವಾರಕ್ಕೆ ಎಲ್ಲ ಮುಗಿದೋಯ್ತು. ಅಪ್ಪ ರಿಟೈರ್ಡ್ ವೆಟರ್ನರಿ ಡಾಕ್ಟ್ರು, ತೀರ್ಥಹಳ್ಳಿ, ಕೊಪ್ಪ, ನಡುವೆ ಮೂರು ವರ್ಷ ಬಳ್ಳಾರಿ, ಹೀಗೆ ಜೀವನ ಪೂರ್ತಿ ಹಟ್ಟಿ ಕೊಟ್ಟಿಗೆ ಸುತ್ತಿದೋರು. ಅವರಿಗೆ ಗುಡ್ಡ, ಜಲಪಾತ ತೋರಿಸಿದ್ರೆ "ಆಗುಂಬೆ ಕಡೆನೂ ಇದೆಯಲ್ಲ ಪುಟ್ಟಿ" ಅಂತಾರೆ, ಅಲ್ಲಿಗೆ ಮುಗೀತು.

ಬೆಟ್ಟದಿಂದ ವಾಪಸ್ ಬರ್ತಾ ಜೆನಸಿ ಪಾರ್ಕ್ ಹತ್ರ ಹೈವೇ ಪಕ್ಕಾನೇ ಬೇಲಿ ಒಳಗೆ ಡೆನ್ವರ್ ಸಿಟಿಯವರು ಸಾಕಿರೋ ಬೈಸನ್ ಮಂದೆ ಇದೆ, ಅಲ್ಲಿ ಸುಮ್ನೆ ಐದು ನಿಮಿಷ ಅಂತ ನಿಲ್ಸಿದ್ದು, ಅಪ್ಪ ಬೇಲಿ ಹಿಡ್ಕೊಂಡು ಮುಕ್ಕಾಲು ಗಂಟೆ ನಿಂತ್ರು. ಬಂಡೀಪುರದ ಸಫಾರಿಯಲ್ಲಿ ಕಾಟಿ ತೋರಿಸಿ ಬೈಸನ್ ಅಂತಾರಲ್ಲ, ಅದು ಬೈಸನ್ ಅಲ್ಲ, ಅದು ಹಸುವಿನ ಕಡೆ ನೆಂಟ, ಇದರ ಕುಲನೇ ಬೇರೆ, ಇದರ ಡುಬ್ಬ ನೋಡು, ಒಳಗೆ ಬೆನ್ನೆಲುಬಿನ ಮುಳ್ಳು ಒಂದೊಂದು ಮೊಳದುದ್ದ ಇರ್ಬೇಕು, ಹಿಮ ಗುಡಿಸಿ ಹುಲ್ಲು ತಿನ್ನೋಕೆ ಅಷ್ಟು ಭಾರದ ತಲೆ ಆಡಿಸ್ಬೇಕಲ್ಲ, ಅದಕ್ಕೆ ಅದು, ಅಂತ ನಂಗೂ ಅಮ್ಮಂಗೂ ಪೂರ್ತಿ ಅನಾಟಮಿ ಕ್ಲಾಸ್. ಕೊನೆಗೆ ಕಾರು ಹತ್ತೋವಾಗ ಒಂದು ಪ್ರಶ್ನೆ ಕೇಳಿದ್ರು. "ಕೋವಿ ಇಲ್ಲ, ಕುದುರೆ ಇಲ್ಲ, ಕಬ್ಬಿಣಾನೂ ಇಲ್ಲದ ಕಾಲದಲ್ಲಿ ಇದನ್ನ ಹೆಂಗೆ ಹೊಡೀತಿದ್ರು?"

ಆ ಒಂದು ಪ್ರಶ್ನೆಗೆ, ಹಳೇ ಕಾಲದ ಬೈಸನ್ ಬೇಟೆಯ ಎಲುಬು ಸಿಕ್ಕಿದ ಜಾಗಗಳಿಗೆ ಐದು ದಿನದ ಟ್ರಿಪ್ ಆಯ್ತು. ಯಜಮಾನ್ರಿಗೆ ಆಫೀಸಲ್ಲಿ ರಿಲೀಸ್ ಇತ್ತು, ಬರಲಿಲ್ಲ. ನಾನು, ಅಪ್ಪ, ಅಮ್ಮ, ಒಂದು ಪುಟ್ಟ ರೈಸ್ ಕುಕ್ಕರ್.

ದಿನ 1: ಫೋಲ್ಸಮ್

ಆರಕ್ಕೆ ಹೊರಡೋದು ಅಂತ ಇದ್ದಿದ್ದು ಎಂಟೂವರೆ ಆಯ್ತು, ಪುಳಿಯೋಗರೆ ಗೊಜ್ಜು ಆರಬೇಕಿತ್ತಂತೆ. ಐ-25 ಹಿಡಿದು ದಕ್ಷಿಣಕ್ಕೆ, ಕೊಲೊರಾಡೋ ದಾಟಿ ನ್ಯೂ ಮೆಕ್ಸಿಕೋ ಒಳಗೆ ರಟೋನ್, ಅಲ್ಲಿಂದ ಪೂರ್ವಕ್ಕೆ ತಿರುಗಿದ್ರೆ ಫೋಲ್ಸಮ್. ಊರು ಅಂದ್ರೆ ಕೈ ಬೆರಳಲ್ಲಿ ಎಣಿಸೋಷ್ಟು ಮನೆ. ಪ್ರಾಗಿತಿಹಾಸದ ಪುಸ್ತಕ ಯಾವುದು ತೆಗೆದ್ರೂ ಈ ಊರಿನ ಹೆಸರಿದೆ, ಆದ್ರೆ ಇಲ್ಲಿ ಒಂದು ಟೀ ಸಿಗಲ್ಲ.

ಕಥೆ ಶುರುವಾಗೋದು 1908ರ ಆಗಸ್ಟ್ ತಿಂಗಳ ಒಂದು ರಾತ್ರಿ ಸುರಿದ ಮಳೆಯಿಂದ. ಡ್ರೈ ಸಿಮಾರನ್ ಅಂತ ಹೆಸರಲ್ಲೇ ಒಣ ಇರೋ ನದಿ ಉಕ್ಕಿ ಊರಿಗೆ ಊರೇ ಕೊಚ್ಕೊಂಡು ಹೋಯ್ತು, ಟೆಲಿಫೋನ್ ಆಪರೇಟರ್ ಸಾರಾ ರೂಕ್ ಅನ್ನೋ ಹೆಂಗಸು ಎಲ್ಲರಿಗೂ ಫೋನ್ ಮಾಡಿ ಓಡಿ ಓಡಿ ಅಂತ ಹೇಳ್ತಾ ಹೇಳ್ತಾ ತಾನೇ ನೀರು ಪಾಲಾದ್ಲು. ಅದೇ ಮಳೆ ಊರಿಂದ ಒಂದಷ್ಟು ದೂರದ ಒಂದು ಒಣ ಹಳ್ಳಾನ, ಇಲ್ಲಿಯವರು ಅರ್ರೋಯೊ ಅಂತಾರೆ, ಆಳಕ್ಕೆ ಕೊರೆದು ಹಾಕ್ತು. ಜಾರ್ಜ್ ಮೆಕ್‌ಜಂಕಿನ್ ಅಂತ ಒಬ್ಬ, ಕ್ರೋಫೂಟ್ ಅನ್ನೋ ದನ ಸಾಕೋ ರಾಂಚಿನ ಮೇಸ್ತ್ರಿ, ಬೇಲಿ ಏನಾಯ್ತು ನೋಡೋಣ ಅಂತ ಕುದುರೆ ಮೇಲೆ ಹೋದಾಗ ಆ ಹಳ್ಳದ ದಡದಲ್ಲಿ, ನೆಲಮಟ್ಟದಿಂದ ತುಂಬಾ ಕೆಳಗೆ, ಎಲುಬು ಚಾಚಿಕೊಂಡಿದ್ದು ಕಾಣ್ತು.

ಮೆಕ್‌ಜಂಕಿನ್ ಟೆಕ್ಸಾಸಲ್ಲಿ ಗುಲಾಮನಾಗಿ ಹುಟ್ಟಿದ ಕಪ್ಪು ಮನುಷ್ಯ. ಅಮೆರಿಕಾದ ಅಂತರ್ಯುದ್ಧ ಮುಗಿದು ಬಿಡುಗಡೆ ಆದ್ಮೇಲೆ ಕೌಬಾಯ್ ಆದ, ಜೊತೆ ಕೆಲಸದೋರ ಹತ್ರ ಓದು ಕಲಿತ, ಟೆಲಿಸ್ಕೋಪ್ ಇಟ್ಕೊಂಡಿದ್ದ, ಕಲ್ಲು ಎಲುಬು ಕೂಡಿಹಾಕೋ ಹುಚ್ಚು ಬೇರೆ. ದಿನಾ ದನದ ಹಿಂದೆ ಓಡಾಡೋನಿಗೆ ದನದ ಎಲುಬು ಯಾವುದು ಅಂತ ಗೊತ್ತಿರಲ್ವಾ, ಇದು ದನದ್ದಲ್ಲ, ಈಗಿನ ಬೈಸನ್ನಿಗಿಂತಲೂ ದೊಡ್ಡದು, ಅದೂ ಇಷ್ಟು ಆಳದಲ್ಲಿ, ಅಂದ್ರೆ ತುಂಬ ಹಳೇದು, ಅಷ್ಟು ಅವನಿಗೆ ಅಲ್ಲೇ ಹೊಳೀತು. ಎಷ್ಟೋ ಜನಕ್ಕೆ ಹೇಳಿದ. ಯಾರೂ ಬರಲಿಲ್ಲ.

ಅವನು ರಟೋನ್ ಊರಿಗೆ ಹೋದಾಗ ಕಾರ್ಲ್ ಶ್ವಾಖೈಮ್ ಅನ್ನೋ ಕಮ್ಮಾರನ ಮನೆ ಮುಂದೆ ಒಂದು ಕಾರಂಜಿ ಕಂಡಿತ್ತಂತೆ, ಅದರ ಮೇಲೆ ಎರಡು ಎಲ್ಕ್, ಅಂದ್ರೆ ದೊಡ್ಡ ಜಾತಿ ಜಿಂಕೆ, ಕಾದಾಡಿ ಕೊಂಬು ಹೆಣೆದುಕೊಂಡು ಬಿಡಿಸ್ಕೊಳಕ್ಕಾಗದೆ ಸತ್ತಿದ್ದವಲ್ಲ, ಆ ಕೊಂಬು ಇಟ್ಟಿದ್ದ. ಅದನ್ನ ನೋಡೋಕೆ ನಿಂತೋನು ಮಾತಿಗೆ ಮಾತು ಬಂದು ತನ್ನ ಎಲುಬಿನ ಹಳ್ಳದ ಸುದ್ದಿ ಹೇಳಿದ. ಕಮ್ಮಾರ ಹೋಗಿದ್ದು 1922ರ ಡಿಸೆಂಬರಲ್ಲಿ, ಒಬ್ಬ ಬ್ಯಾಂಕ್ ಕೆಲಸದ ಫ್ರೆಂಡ್ ಜೊತೆ. ಅದೇ ವರ್ಷದ ಶುರುವಲ್ಲೇ ಮೆಕ್‌ಜಂಕಿನ್ ತೀರಿಕೊಂಡಿದ್ದ. ಇದನ್ನ ಹೇಳುವಾಗ ಅಮ್ಮ "ಥೋ" ಅಂದ್ಲು, ಮತ್ತೇನೂ ಹೇಳಲಿಲ್ಲ.

ಆಮೇಲಿನದು ಸ್ವಲ್ಪ ಫೇಮಸ್ಸು. ಇವರಿಬ್ಬರು ಎಲುಬು ತಗೊಂಡು ಡೆನ್ವರ್ ಮ್ಯೂಸಿಯಮ್ಮಿನ ಡೈರೆಕ್ಟರ್ ಜೆಸ್ಸಿ ಫಿಗಿನ್ಸ್ ಹತ್ರ ಹೋದ್ರು, 1926ರಲ್ಲಿ ಅಗೆಯೋಕೆ ಶುರು. ಮ್ಯೂಸಿಯಂಗೆ ಬೇಕಾಗಿದ್ದು ನಿಲ್ಲಿಸಿಡೋಕೆ ಒಂದು ಹಳೇ ಬೈಸನ್ ಅಸ್ಥಿಪಂಜರ ಅಷ್ಟೇ, ಆದ್ರೆ ಮಣ್ಣಲ್ಲಿ ಕಲ್ಲಿನ ಈಟಿಮೊನೆ ಬಂತು. ಆಗ ಅಮೆರಿಕಾದಲ್ಲಿ ಮನುಷ್ಯರು ಬಂದು ಮೂರ್ನಾಲ್ಕು ಸಾವಿರ ವರ್ಷ ಆಗಿರಬಹುದು, ಜಾಸ್ತಿ ಇಲ್ಲ ಅಂತ ದೊಡ್ಡೋರ ಲೆಕ್ಕ, ಅದರಲ್ಲೂ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಮ್ಮಿನ ಅಲೆಶ್ ಹರ್ಡ್ಲಿಚ್ಕಾ ಅಂತ ಒಬ್ಬರು ಯಾರು ಏನು ತಂದ್ರೂ ಒಪ್ತಾ ಇರಲಿಲ್ಲ. ಬಿಡಿ ಕಲ್ಲು ಎಲ್ಲಿಂದಾದ್ರೂ ಬಿದ್ದಿರಬಹುದಲ್ಲ, ಮುಂದಿನ ಸಲ ಸಿಕ್ಕಿದ್ರೆ ಮುಟ್ಟಬೇಡಿ, ಹಾಗೇ ಬಿಟ್ಟು ಕರೆಸಿ ಅಂದ್ರು. ನ್ಯಾಯವಾದ ಮಾತೇ. 1927ರ ಆಗಸ್ಟ್ ಕೊನೆಗೆ ಶ್ವಾಖೈಮ್‌ಗೇ ಸಿಕ್ತು, ಪಕ್ಕೆಲುಬುಗಳ ನಡುವೆ ಕೂತಿದ್ದ ಮೊನೆ. ಟೆಲಿಗ್ರಾಂ ಹೋಯ್ತು, ದೊಡ್ಡೋರು ಬಂದ್ರು, ನೋಡಿದ್ರು, ಒಪ್ಪಿದ್ರು. ಆ ಜಾತಿ ಬೈಸನ್ನು ಹಿಮಯುಗದ ಕೊನೆಗೆ ಅಳಿದುಹೋಗಿದ್ದು, ಹಾಗಾಗಿ ಅದರ ಪಕ್ಕೆಯಲ್ಲಿ ಕಲ್ಲು ಚುಚ್ಚಿದ ಮನುಷ್ಯನೂ ಅಷ್ಟೇ ಹಳಬ. ಈಗ ಎಲುಬಲ್ಲಿ ಉಳಿದ ಇಂಗಾಲ ಅಳೆದು ವಯಸ್ಸು ಹೇಳೋ ರೇಡಿಯೋಕಾರ್ಬನ್ ಲೆಕ್ಕದಲ್ಲಿ 12 ಸಾವಿರ ವರ್ಷಕ್ಕೂ ಹಿಂದೆ.

ಹಳೇ ಅಂಗಡಿ ಕಟ್ಟಡದಲ್ಲಿ ಒಂದು ಪುಟ್ಟ ಮ್ಯೂಸಿಯಂ ಇದೆ, ಒಬ್ಬರು ಅಜ್ಜಿ ಕೂತಿದ್ರು. ಅಗೆದಾಗ ಬಾಲದ ಎಲುಬು ಹೆಚ್ಚುಕಮ್ಮಿ ಸಿಗಲೇ ಇಲ್ಲ, ಯಾಕೆ ಗೊತ್ತಾ ಅಂತ ಅವರು ನಮ್ಮನ್ನ ಪರೀಕ್ಷೆ ಮಾಡೋ ಥರ ಕೇಳಿದ್ರು, ನಾನು ಟ್ರಾನ್ಸ್‌ಲೇಟ್ ಮಾಡೋದ್ರೊಳಗೆ ಅಪ್ಪ "ಸ್ಕಿನ್, ಮೇಡಂ. ಟೈಲ್ ಗೋಸ್ ವಿತ್ ಸ್ಕಿನ್" ಅಂದ್ಬಿಟ್ರು. ಅಜ್ಜಿಗೆ ಖುಷಿಯೋ ಖುಷಿ. ಚರ್ಮ ಸುಲಿಯೋವಾಗ ಬಾಲ ಬಿಡಿಸ್ತಾ ಕೂರಲ್ಲ, ಬುಡದಲ್ಲಿ ಕತ್ತರಿಸಿ ತೊಗಲಿನ ಜೊತೆಗೇ ಎಳ್ಕೊಂಡು ಹೋಗ್ತಾರೆ, ಅಂದ್ರೆ ಮಾಂಸ ಮಾತ್ರ ಅಲ್ಲ, ತೊಗಲೂ ಬೇಕಿತ್ತು ಅವರಿಗೆ, ಚಳಿಗಾಲ ಬರ್ತಾ ಇತ್ತು. ಅದು ಹೆಂಗೆ ಗೊತ್ತು ಅಂದ್ರೆ ಹಲ್ಲಿಂದ. 1990ರ ದಶಕದ ಕೊನೆಗೆ ಡೇವಿಡ್ ಮೆಲ್ಟ್ಸರ್ ಅನ್ನೋರು ಮತ್ತೆ ಅಗೆದು, ಹಳೇ ಎಲುಬನ್ನೂ ಸೇರಿಸಿ ಲೆಕ್ಕ ಹಾಕಿ, 32 ಪ್ರಾಣಿ, ಬೇಟೆ ಆಗಿದ್ದು ಶರತ್ಕಾಲದಲ್ಲಿ ಅಂದ್ರು. ಬೈಸನ್ ಎಲ್ಲಾ ಹೆಚ್ಚುಕಮ್ಮಿ ಒಂದೇ ಟೈಮಿಗೆ, ವಸಂತದಲ್ಲಿ ಕರು ಹಾಕತ್ವೆ, ಹಾಗಾಗಿ ಕರುವಿನ ದವಡೆಯಲ್ಲಿ ಹಲ್ಲು ಎಷ್ಟು ಬಂದಿದೆ ನೋಡಿದ್ರೆ ಅದು ಸತ್ತಿದ್ದು ಯಾವ ತಿಂಗಳು ಅಂತ ಸುಮಾರಾಗಿ ಹೇಳಬಹುದು. ಅಪ್ಪ ಇದನ್ನ ಕೇಳಿ ನಕ್ಕರು. ದನದ ಜಾತ್ರೇಲಿ ಬಾಯಿ ಬಿಡಿಸಿ ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿ ಕೂಡಿದೆ ಅಂತ ಹೇಳ್ತಾರಲ್ಲ, ಅದೇ ವಿದ್ಯೆ, ಇವರು ಪ್ರಾಣಿ ಸತ್ತು 12 ಸಾವಿರ ವರ್ಷ ಆದ್ಮೇಲೆ ಮಾಡಿದಾರೆ ಅಷ್ಟೇ.

ಬೇಟೆ ಆದ ಹಳ್ಳಕ್ಕೆ ಗೈಡ್ ಜೊತೆ ಮಾತ್ರ, ಅದೂ ವರ್ಷದಲ್ಲಿ ಕೆಲವೇ ದಿನ ಬಿಡೋದು, ನಮ್ಮ ದಿನ ಅದಾಗಿರಲಿಲ್ಲ. ಇದನ್ನ ನಾನು ಮುಂಚೆನೇ ನೋಡ್ಬೇಕಿತ್ತು, ನೋಡಿರಲಿಲ್ಲ, ನನ್ನದೇ ತಪ್ಪು. ಸ್ಮಶಾನಕ್ಕೆ ಹೋದ್ವಿ. ಮೆಕ್‌ಜಂಕಿನ್ ಸಮಾಧಿ ಅಲ್ಲೇ ಇದೆ. ಅಮ್ಮ ದಾರಿ ಬದಿಯ ಯಾವುದೋ ಹಳದಿ ಹೂ ಕಿತ್ತು ಕಲ್ಲಿನ ಮೇಲಿಟ್ಲು. ಅಪ್ಪ "ನೋಡಿದೋನು ಇವನು, ಹೆಸರು ಊರಿಗೆ" ಅಂದ್ರು. ಈ ಮಾತು ಟ್ರಿಪ್ ಮುಗಿಯೋ ತನಕ ಒಂದು ಹತ್ತು ಸಲ ಹೇಳಿರಬಹುದು.

ಸಂಜೆ ಕ್ಯಾಪುಲಿನ್ ಜ್ವಾಲಾಮುಖಿ. ರಸ್ತೆ ಬೆಟ್ಟಕ್ಕೆ ಸುತ್ತಿಕೊಂಡು ಬಾಯಿ ಅಂಚಿನ ತನಕ ಹೋಗತ್ತೆ, ಹತ್ತಿರ ಹತ್ತಿರ 8 ಸಾವಿರ ಅಡಿ ಎತ್ತರಕ್ಕೆ, ಒಂದು ಕಡೆ ತಡೆಗೋಡೆನೂ ಇಲ್ಲ, ಅಮ್ಮ ಕಣ್ಣು ಮುಚ್ಚಿಕೊಂಡು ಲಲಿತಾಸಹಸ್ರನಾಮ ಶುರು ಮಾಡಿದ್ಲು. ಮೇಲಿಂದ ನೋಡಿದ್ರೆ ವಾಯವ್ಯಕ್ಕೆ ಆ ಹಳ್ಳ ಇರೋ ದಿಕ್ಕು, ಹುಲ್ಲು, ಹುಲ್ಲು, ಹುಲ್ಲು.

ದಿನ 2: ಏನೂ ಇಲ್ಲದ ಜಾಗ

ಬೆಳಿಗ್ಗೆ ಮೋಟೆಲ್ ರೂಮಲ್ಲಿ ರೈಸ್ ಕುಕ್ಕರ್ ಹಾಕಿ, ಪಕ್ಕದಲ್ಲಿ ಕೆಟಲ್ಲೂ ಹಾಕಿ, ಕರೆಂಟ್ ಟ್ರಿಪ್ ಆಗಿ, ಪಕ್ಕದ ರೂಮಿನೋರು ಒದ್ದೆ ತಲೇಲಿ ಹೊರಗೆ ಬಂದು ನೋಡಿದ್ರು. ಆ ಕಥೆ ಬೇಡ.

ಲಾ ಹಂಟಾ, ಲಮಾರ್, ಈಡ್ಸ್, ಹೀಗೆ ಕೊಲೊರಾಡೋದ ಪೂರ್ವ ಬಯಲಿನ ಊರು ದಾಟ್ಕೊಂಡು ಕಿಟ್ ಕಾರ್ಸನ್ ಅನ್ನೋ ಚಿಕ್ಕ ಊರಿಗೆ. ಕೊಲೊರಾಡೋ ಅಂದ್ರೆ ಬೆಟ್ಟ ಅಂತ ಅಂದ್ಕೊಂಡೋರು ಈ ಕಡೆ ಬರ್ಬೇಕು, ದೋಸೆಕಲ್ಲಿನ ಥರ ಚಪ್ಪಟೆ. ಇಲ್ಲಿಂದ ಆಗ್ನೇಯಕ್ಕೆ ಓಲ್ಸನ್-ಚಬಕ್ ಅನ್ನೋ ಜಾಗ ಇದೆ. ನೋಡೋಕೆ ಏನೂ ಇಲ್ಲ, ಅಗೆದು ಮುಚ್ಚಿಬಿಟ್ಟಿದ್ದಾರೆ, ಖಾಸಗಿ ಜಮೀನು ಬೇರೆ, ನಾವು ಒಳಗೆ ಹೋಗೋ ಪ್ರಯತ್ನಾನೂ ಮಾಡಲಿಲ್ಲ, ಊರಿನ ಹೊರಗೆ ಮಣ್ಣು ರಸ್ತೆ ಪಕ್ಕ ಕಾರು ನಿಲ್ಲಿಸಿ ಪುಳಿಯೋಗರೆ ತಿಂದ್ವಿ. ನಿಜ ಹೇಳ್ಬೇಕು ಅಂದ್ರೆ ಇಡೀ ಟ್ರಿಪ್ಪಲ್ಲಿ ನಂಗೆ ತಲೇಲಿ ಉಳಿದಿದ್ದು ಈ ಏನೂ ಇಲ್ಲದ ಜಾಗ.

1957ರಲ್ಲಿ ಜೆರ್ರಿ ಚಬಕ್ ಅನ್ನೋ ಹವ್ಯಾಸಿಗೆ ಇಲ್ಲಿ ಎಲುಬಿನ ಒಂದು ಉದ್ದ ಗೆರೆ ಕಾಣ್ತು, ಸಿಗರ್ಡ್ ಓಲ್ಸನ್ ಅನ್ನೋರಿಗೆ ಹೇಳಿದ, ಆಮೇಲೆ ಕೊಲೊರಾಡೋ ಯೂನಿವರ್ಸಿಟಿ ಮ್ಯೂಸಿಯಮ್ಮಿನ ಜೋ ಬೆನ್ ವೀಟ್ ಬಂದು 1958ರಲ್ಲಿ, ಮತ್ತೆ 1960ರಲ್ಲಿ ಅಗೆದ್ರು. ಒಂದು ಕಿರಿದಾದ ಹಳ್ಳ, ನಾಲ್ಕು ಹೆಜ್ಜೆಗಿಂತ ಅಗಲ ಇಲ್ಲ, ಆಳ ಒಂದಾಳು. ಅದರೊಳಗೆ ಸುಮಾರು 190 ಬೈಸನ್. ಸುಮಾರು 10 ಸಾವಿರ ವರ್ಷದ ಹಿಂದಿನದು. ಕೆಳಗಿನವು ತಲೆಕೆಳಗಾಗಿ, ಸೊಂಟ ತಿರುಚಿ, ಒಂದರ ಮೇಲೊಂದು ಒತ್ತಿಕೊಂಡು ಬಿದ್ದಿದ್ವು, ಆ ತಳದಲ್ಲಿದ್ದವಕ್ಕೆ ಬೇಟೆಗಾರರು ಕೈ ಹಾಕೋಕೂ ಆಗಿರಲಿಲ್ಲ, ಮೇಲಿನ ಭಾರಕ್ಕೆ ಎಳೆದು ತೆಗೆಯೋಕೆ ಆಗದೆ ಬಿಟ್ಟಿದ್ರು. ವೀಟ್ ಇನ್ನೊಂದು ಗಮನಿಸಿದ್ರು, ಒಂದೇ ಒಂದು ಪ್ರಾಣಿನೂ ಉತ್ತರಕ್ಕೆ ಮುಖ ಮಾಡಿ ಬಿದ್ದಿಲ್ಲ. ಅಂದ್ರೆ ಮಂದೆ ಓಡಿ ಬಂದಿದ್ದು ಉತ್ತರದಿಂದ. ಬೈಸನ್ನಿಗೆ ಕಣ್ಣು ಅಷ್ಟಕ್ಕಷ್ಟೇ, ಮೂಗು ಮಾತ್ರ ಚುರುಕು, ಬೇಟೆಗಾರರು ಹತ್ರ ಬರೋ ತನಕ ಅದಕ್ಕೆ ವಾಸನೆ ಹೋಗಿರಬಾರದು, ಹಾಗಾಗಿ ಅವತ್ತು ಗಾಳಿ ಬೀಸ್ತಾ ಇದ್ದಿದ್ದು ದಕ್ಷಿಣದಿಂದ. 10 ಸಾವಿರ ವರ್ಷದ ಹಿಂದೆ ಒಂದು ದಿನ ಗಾಳಿ ಯಾವ ಕಡೆಯಿಂದ ಬೀಸ್ತಿತ್ತು ಅಂತ ಎಲುಬು ನೋಡಿ ಹೇಳೋದು ಅಂದ್ರೆ! ನಾನು ಇದನ್ನ ಮೊದಲ ಸಲ ಓದಿದಾಗ ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಅಪ್ಪ ಪುಳಿಯೋಗರೆ ತಟ್ಟೆ ಹಿಡ್ಕೊಂಡೇ ಅವರ ಬಳ್ಳಾರಿ ಕಥೆ ಹೇಳಿದ್ರು, ನಾನು ಇಷ್ಟು ವರ್ಷದಲ್ಲಿ ಕೇಳಿರದ ಕಥೆ. ಕಾಲುಬಾಯಿ ಜ್ವರಕ್ಕೆ ಲಸಿಕೆ ಹಾಕೋ ಕ್ಯಾಂಪು, ಒಂದು ಹಳ್ಳಿ ಹೊರಗೆ ಅರವತ್ತು ಎಪ್ಪತ್ತು ದನ ಸೇರಿಸಿದ್ರಂತೆ, ಪಕ್ಕದಲ್ಲಿ ನೀರಿಲ್ಲದ ಕಾಲುವೆ. ಯಾವನೋ ಲಾರಿಯವನು ಹಾರನ್ ಹೊಡೆದ, ಅಷ್ಟೇ. "ಮುಂದಿನ ಎತ್ತು ಕಾಲುವೆ ನೋಡಿ ನಿಲ್ತು ಪುಟ್ಟಿ, ನಾನು ಕಣ್ಣಾರೆ ಕಂಡಿದೀನಿ, ನಾಲ್ಕೂ ಕಾಲು ಊರಿ ನಿಲ್ತು. ಆದ್ರೆ ಹಿಂದಿನದು ನಿಲ್ಬೇಕಲ್ಲ? ಹಿಂದಿನದಕ್ಕೆ ಕಾಲುವೆ ಕಾಣಲ್ಲ, ಮುಂದಿನದರ ಬೆನ್ನು ಕಾಣತ್ತೆ." ಮೂರು ಸತ್ವು, ಎರಡರ ಕಾಲು ಮುರೀತು, ಅಷ್ಟೂ ಐದು ನಿಮಿಷದಲ್ಲಿ. ಅಲ್ಲಿ ಬೀಳಿಸ್ಬೇಕು ಅಂತ ಯಾರೂ ಮಾಡಿದ್ದಲ್ಲ. ಇಲ್ಲಿಯವರು ಅದನ್ನೇ ಬೇಕು ಅಂತ ಮಾಡಿದ್ರು, ಅಪ್ಪನ ಪ್ರಕಾರ ಇವರ ಆಯುಧ ಈಟಿ ಅಲ್ಲವೇ ಅಲ್ಲ, ಹಿಂದಿನ ದನದ ತೂಕಾನೇ ಆಯುಧ, ಈಟಿ ಬರೀ ಕೊನೆ ಕೆಲಸಕ್ಕೆ. ಅವರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿದ ಹಾಗಿತ್ತು.

ಅಷ್ಟು ಮಾಂಸ ಏನು ಮಾಡಿದ್ರು ಅಂತ ಅಮ್ಮಂದು ಪ್ರಶ್ನೆ. ನಾವು ಮನೇಲಿ ಮೊಟ್ಟೆನೂ ತಿನ್ನದೋರು, ಅಮ್ಮ ಮೂಗು ಮುಚ್ಚಿಕೊಂಡೇ ಕೇಳಿದ್ದು, ಆದ್ರೆ ಅಡುಗೆ ಮಾಡೋಳಿಗೆ ಲೆಕ್ಕ ಬೇಕೇ ಬೇಕು. ವೀಟ್ ಹಾಕಿದ ಅಂದಾಜು 25 ಟನ್ನಿನ ಹತ್ರ ಇದೆ. ಒಂದಷ್ಟು ಅಲ್ಲೇ ತಿಂದು ಉಳಿದದ್ದು ಒಣಗಿಸಿರ್ತಾರೆ. ಕಡಿಯೋದಕ್ಕೂ ಒಂದು ಕ್ರಮ ಇತ್ತು, ಮುಂಗಾಲೆಲ್ಲ ಒಂದು ಕಡೆ ರಾಶಿ, ಆಮೇಲೆ ಡುಬ್ಬ, ಪಕ್ಕೆ, ಹೀಗೆ ಎಲುಬಿನ ರಾಶಿ ಯಾವುದರ ಮೇಲೆ ಯಾವುದಿದೆ ನೋಡಿ ಕೆಲಸ ಹೇಗೆ ಮುಂದೆ ಹೋಯ್ತು ಅಂತ ಓದಿದ್ದಾರೆ. ನಾಲಗೆ ಬುಡದ ಎಲುಬು ಮಾತ್ರ ಒಂದು ಕಡೆ ಇಲ್ಲ, ರಾಶಿ ತುಂಬಾ ಚೆಲ್ಲಿದೆ. ಅಂದ್ರೆ ಕೆಲಸ ಮಾಡ್ತಾ ಮಾಡ್ತಾನೇ ನಾಲಗೆ ಕಿತ್ತು ತಿಂತಾ ಇದ್ರು. ಮದುವೆ ಮನೆ ಅಡುಗೆಭಟ್ಟರು ಬೋಂಡಾ ಕರೀತಾ ಕರೀತಾ ಒಂದೊಂದು ಬಾಯಿಗೆ ಹಾಕ್ಕೊಳೋ ಹಾಗೆ ಅಂದೆ, ಅಮ್ಮಂಗೆ ಕೋಪ ಬಂತು.

ಅಷ್ಟರಲ್ಲಿ ಪಶ್ಚಿಮದಿಂದ ಕಪ್ಪು ಮೋಡ ಎದ್ದು ಆಲಿಕಲ್ಲು ಶುರು, ಲೈಮನ್ ತನಕ ಇಪ್ಪತ್ತು ಮೈಲಿ ಸ್ಪೀಡಲ್ಲಿ ಬಂದ್ವಿ. ರಾತ್ರಿ ಮನೆ. ಬಾನೆಟ್ ಮೇಲೆ ಗುಳಿ ಗುಳಿ, ಯಜಮಾನ್ರು ಮೊದಲು ನೋಡಿದ್ದು ಅದನ್ನೇ.

ದಿನ 3: ಸೂಜಿ

ಫೋರ್ಟ್ ಕಾಲಿನ್ಸ್ ದಾಟಿ, ವಯೋಮಿಂಗ್ ಗಡಿಗೆ ತಾಗಿದ ಹಾಗೆ ಸೋಪ್‌ಸ್ಟೋನ್ ಪ್ರೇರಿ ಅಂತ ಸಿಟಿಯವರ ಹುಲ್ಲುಗಾವಲು, ಕೊನೆಗೆ ಜಲ್ಲಿ ರಸ್ತೆ. ಲಿಂಡೆನ್‌ಮಯರ್ ಅನ್ನೋ ಫೋಲ್ಸಮ್ ಕಾಲದ ಬಿಡಾರ ಇದ್ದಿದ್ದು ಇಲ್ಲಿ. 1924ರಲ್ಲಿ ಕಾಫಿನ್ ಅನ್ನೋ ಕುಟುಂಬಕ್ಕೆ ಇಲ್ಲಿ ಮೊನೆಗಳು ಸಿಕ್ಕಿದ್ವು, ಫೋಲ್ಸಮ್ ಸುದ್ದಿ ಆಗೋ ಮುಂಚೆನೇ, ಅವರಿಗೆ ಏನು ಸಿಕ್ಕಿದೆ ಅಂತ ಅವರಿಗೇ ಗೊತ್ತಿರಲಿಲ್ಲ. 1934ರಿಂದ 1940ರ ತನಕ ಸ್ಮಿತ್‌ಸೋನಿಯನ್ನಿನ ಫ್ರಾಂಕ್ ರಾಬರ್ಟ್ಸ್ ಅಗೆದ್ರು. ಈ ಫೋಲ್ಸಮ್ ಮೊನೆ ಅಂದ್ರೆ ಎರಡೂ ಮುಖದಲ್ಲಿ ಬುಡದಿಂದ ತುದಿ ಕಡೆಗೆ ಒಂದೇ ಉದ್ದ ಚಕ್ಕೆ ಎಬ್ಬಿಸಿ ಕಾಲುವೆ ಮಾಡಿರ್ತಾರೆ, ಅಷ್ಟು ತೆಳು ಕಲ್ಲಲ್ಲಿ ಒಂದು ಏಟು ತಪ್ಪಿದ್ರೆ ಪೂರ್ತಿ ಕೆಲಸ ಮಣ್ಣು, ಮಾಡ್ತಾ ಮುರಿದು ಬಿಸಾಕಿದವೂ ಇಲ್ಲಿ ಬೇಕಾದಷ್ಟು ಸಿಕ್ಕಿವೆ. ಒಂದು ಬೈಸನ್ ಬೆನ್ನೆಲುಬಿನ ಮಣಿಯೊಳಗೆ ಮುರಿದು ಕೂತ ಮೊನೆ ಸಿಕ್ಕಿದ್ದೂ ಇಲ್ಲೇ.

ನಂಗೆ ಇಷ್ಟ ಆಗಿದ್ದು ಬೇರೆ, ಸೂಜಿ. ಎಲುಬಿನ ಸೂಜಿ, ಕಣ್ಣು ಕೊರೆದದ್ದು, ನಮ್ಮ ಹೊಲಿಗೆ ಸೂಜಿಯಷ್ಟೇ ಸಣ್ಣ. ತೊಗಲು ಹೊಲಿದು ಬಟ್ಟೆ ಮಾಡೋಕೆ. ಬೇಟೆ ಅಂದ ಕೂಡ್ಲೇ ಎಲ್ಲರ ಕಣ್ಣೂ ಮೊನೆ ಮೇಲೆ ಹೋಗತ್ತೆ, ಪುಸ್ತಕದ ಕವರಲ್ಲೂ ಅದೇ, ಈಟಿ ಎತ್ತಿ ನಿಂತ ಗಂಡಸು. ಹೊಡೆದ ಮೇಲೆ ಸುಲಿದು, ಹದ ಮಾಡಿ, ಹೊಲಿದು ಚಳಿಗಾಲ ದಾಟಿಸಿದೋರ ಚಿತ್ರ ಯಾರೂ ಹಾಕಲ್ಲ. ಕಪ್ಪು ಗಾಜಿನಂಥ ಅಬ್ಸಿಡಿಯನ್ ಕಲ್ಲೂ ಸಿಕ್ಕಿದೆ, ಅದು ಉತ್ತರದ ಯೆಲ್ಲೋಸ್ಟೋನ್ ಕಡೆಯದ್ದೂ ಇದೆ, ದಕ್ಷಿಣದ ನ್ಯೂ ಮೆಕ್ಸಿಕೋದ್ದೂ ಇದೆ, ಅಂದ್ರೆ ದೂರ ದೂರದ ಗುಂಪುಗಳು ಇಲ್ಲಿ ಬಂದು ಸೇರ್ತಾ ಇದ್ರೇನೋ, ಜಾತ್ರೆ ಥರ.

ಅಗೆದ ಜಾಗ ಎತ್ತರದಿಂದ ಕಾಣೋ ಹಾಗೆ ಒಂದು ಕಟ್ಟೆ ಮಾಡಿದ್ದಾರೆ, ಅಲ್ಲಿ ನಿಂತಾಗ ದೂರದಲ್ಲಿ ಕಪ್ಪು ಚುಕ್ಕಿಗಳು. ಬೈಸನ್! 2015ರಲ್ಲಿ ಇಲ್ಲಿಗೆ ಮತ್ತೆ ತಂದು ಬಿಟ್ಟಿದ್ದು. ಯೆಲ್ಲೋಸ್ಟೋನ್ ಮಂದೆಯ ಬೈಸನ್ ತಳಿ ಚೆನ್ನಾಗಿದೆ, ಆದ್ರೆ ಅವಕ್ಕೆ ಬ್ರುಸೆಲ್ಲೋಸಿಸ್, ಅದೇ ನಮ್ಮ ಕಡೆ ಕಂದು ರೋಗ ಅಂತೀವಲ್ಲ, ಗಬ್ಬದ ಹಸು ಕಂದು ಹಾಕೋದು, ಆ ಕಾಯಿಲೆ. ಕೊಲೊರಾಡೋ ಸ್ಟೇಟ್ ಯೂನಿವರ್ಸಿಟಿಯವರು ಭ್ರೂಣ ತೆಗೆದು ತೊಳೆದು, ರೋಗಾಣು ಇಲ್ಲದ ಹಾಗೆ ಮಾಡಿ, ಬೇರೆ ಆರೋಗ್ಯದ ಹಸುಗಳ ಗರ್ಭಕ್ಕೆ ಹಾಕಿ ಈ ಮಂದೆಗೆ ಕರು ಪಡೆದಿದ್ದಾರೆ. ಅಪ್ಪಂಗೆ ಇದನ್ನ ಹೇಳಿದ ಮೇಲೆ ಲಿಂಡೆನ್‌ಮಯರೂ ಇಲ್ಲ ಸೂಜಿನೂ ಇಲ್ಲ, ಶಯೆನ್ ಊರು ಮುಟ್ಟೋ ತನಕ ಎಂಬ್ರಿಯೋ ಟ್ರಾನ್ಸ್‌ಫರ್ ಬಗ್ಗೆನೇ ಮಾತು, ಕಂದು ರೋಗದಿಂದ ಅವರಿಗೆ ತಿಳಿದ ಇಬ್ಬರು ಕಾಂಪೌಂಡರ್‌ಗಳಿಗೆ ಜ್ವರ ಹಿಡಿದು ವರ್ಷಗಟ್ಟಲೆ ಗಂಟು ನೋವು ಅನುಭವಿಸಿದ ಕಥೆ ಎರಡೆರಡು ಸಲ.

ದಿನ 4: ಗುಂಡಿ

ಶಯೆನ್‌ನಿಂದ ಉತ್ತರಕ್ಕೆ ಇಡೀ ಬೆಳಿಗ್ಗೆ ಡ್ರೈವ್. ಲಸ್ಕ್, ನ್ಯೂಕ್ಯಾಸಲ್, ಆಮೇಲೆ ಸನ್‌ಡ್ಯಾನ್ಸ್. ಅಲ್ಲಿಂದ ಪೂರ್ವಕ್ಕೆ ಐ-90 ಪಕ್ಕದಲ್ಲೇ ವೋರ್ ಬಫಲೋ ಜಂಪ್, ಇಲ್ಲಿ ಬಫಲೋ ಅಂದ್ರೂ ಬೈಸನ್ನೇ. ಲಾರಿಗಳು ಭರ್ ಅಂತ ಹೋಗ್ತಾ ಇರ್ತಾವೆ, ಇಲ್ಲೊಂದು ಕೆಂಪು ಮಣ್ಣಿನ ದೊಡ್ಡ ಗುಂಡಿ, ಸುಮಾರು 40 ಅಡಿ ಆಳ, 200 ಅಡಿ ಅಗಲ, ಕೆಳಗಿನ ಜಿಪ್ಸಮ್ ಕರಗಿ ನೆಲ ಕುಸಿದು ಆದದ್ದು. ಬಯಲಲ್ಲಿ ಓಡಿ ಬರೋ ಬೈಸನ್‌ಗೆ ಅಂಚಿಗೆ ಬರೋ ತನಕ ಗುಂಡಿ ಇದೆ ಅಂತಾನೇ ಗೊತ್ತಾಗಲ್ಲ. ನಮಗೇ ಪಾರ್ಕಿಂಗಿಂದ ಗೊತ್ತಾಗಲಿಲ್ಲ. 1970ರ ದಶಕದಲ್ಲಿ ಹೈವೇ ಮಾಡೋವಾಗ ಬೆಳಕಿಗೆ ಬಂತು, ವಯೋಮಿಂಗ್ ಯೂನಿವರ್ಸಿಟಿಯ ಜಾರ್ಜ್ ಫ್ರಿಸನ್, ಚಾರ್ಲ್ಸ್ ರೆಹರ್ ಅಗೆದ್ರು. ಫ್ರಿಸನ್ ಬಗ್ಗೆ ಒಂದು ಮಾತು, ಅವರು ರಾಂಚಲ್ಲಿ ಬೆಳೆದು, ಬೇಟೆ ಆಡಿ, ದನ ಕಾದು, ನಡುವಯಸ್ಸಿಗೆ ಬಂದ ಮೇಲೆ ಕಾಲೇಜಿಗೆ ಹೋಗಿ ಆರ್ಕಿಯಾಲಜಿ ಮಾಡಿದೋರು. ಅಪ್ಪಂಗೆ ಹೇಳಿದೆ, "ಅದಕ್ಕೇ ಮತ್ತೆ" ಅಂದ್ರು. ಮತ್ತೆ ಮೆಕ್‌ಜಂಕಿನ್ ವಿಷಯ ಬಂತು.

ಈ ಜಾಗ ಅಷ್ಟು ಹಳೇದಲ್ಲ, ಸುಮಾರು 1500ರಿಂದ 1800ರ ತನಕ, ಅಂದ್ರೆ ಶುರುವಾದಾಗ ನಮ್ಮ ಕಡೆ ವಿಜಯನಗರ. ಕ್ರೋ, ಕಿಯೋವಾ, ಶೋಶೋನಿ, ಶಯೆನ್, ಅಪಾಚಿ, ಹೀಗೆ ಬೇರೆ ಬೇರೆ ಮೂಲನಿವಾಸಿ ಜನ ಬೇರೆ ಬೇರೆ ಕಾಲದಲ್ಲಿ ಬಳಸಿದ್ದು. ಕಾಲ ಬದಲಾಗಿತ್ತು, ಈಟಿ ಹೋಗಿ ಬಿಲ್ಲು ಬಾಣ ಬಂದಿತ್ತು, ಆದ್ರೆ ಯೋಚನೆ ಓಲ್ಸನ್-ಚಬಕ್‌ನದ್ದೇ, ಹಳ್ಳದ ಬದಲು ಗುಂಡಿ. ಗುಂಡಿ ಒಳಗಿನ ತನಕ ಇಳಿಯೋ ದಾರಿ ಇದೆ, ತಳದಲ್ಲಿ ಅಗೆದ ಭಾಗಕ್ಕೆ ಶೆಡ್ಡು ಕಟ್ಟಿದ್ದಾರೆ. ಒಳಗೆ ಹೋದ್ರೆ ಗೋಡೆ ಪೂರ್ತಿ ಎಲುಬು. ಕೆಂಪು ಮಣ್ಣು, ಎಲುಬು, ಕೆಂಪು ಮಣ್ಣು, ಎಲುಬು, ಒಬ್ಬಟ್ಟು ಅಟ್ಟಿ ಇಟ್ಟ ಹಾಗೆ. ಮಳೆಗೆ ಸುತ್ತಲಿನ ಮಣ್ಣು ವರ್ಷ ವರ್ಷ ತೊಳೆದು ಬಂದು ತೆಳುವಾಗಿ ಕೂರತ್ತೆ, ಆ ಪದರ ಎಣಿಸಿದ್ರೆ ಎರಡು ಬೇಟೆ ನಡುವೆ ಎಷ್ಟು ವರ್ಷ ಅಂತ ಗೊತ್ತಾಗತ್ತೆ. ಒಟ್ಟು 10 ಸಾವಿರಕ್ಕೂ ಮೇಲೆ ಬೈಸನ್ ಅಂತ ಅಂದಾಜು, ಅಗೆದಿರೋದು ಅದರಲ್ಲಿ ಸ್ವಲ್ಪವೇ.

ಅಮ್ಮ ಒಳಗೆ ಬರಲ್ಲ ಅಂದಿದ್ದೋಳು ಕೊನೆಗೆ ಬಂದ್ಲು. ಒಂದು ಐದು ನಿಮಿಷ ಗೋಡೆ ನೋಡಿ "ಎಂತ ಪಾಪ ಮಾರಾಯ್ತಿ" ಅಂದ್ಲು, ಆಮೇಲೆ ತಾನೇ "ಅವರಿಗೂ ಮಕ್ಕಳು ಮರಿ ಇತ್ತಲ್ಲ" ಅಂದ್ಲು. ಅಪ್ಪ ಗೋಡೆಗೆ ಮುಖ ಹತ್ತಿರ ತಗೊಂಡು ಹೋಗಿ, ಇದು ಮೊಣಕಾಲು, ಇದು ಭುಜದ ಹಲಗೆ, ಇಲ್ಲಿ ನೋಡು ಕರುವಿನ ದವಡೆ, ಹಿಂದಿನ ಹಲ್ಲು ಇನ್ನೂ ಒಸಡಿಂದ ಎದ್ದಿಲ್ಲ ಅಂತ. ಅಲ್ಲಿ ಕೆಲಸ ಮಾಡೋ ಕಾಲೇಜು ಹುಡುಗ ಒಬ್ಬ ಅಪ್ಪನ ಹಿಂದೆನೇ ಬಂದ, ಭಾಷೆ ಬರದಿದ್ರೂ ಇಬ್ಬರೂ ಬೆರಳು ತೋರಿಸಿ ತೋರಿಸಿ ಅರ್ಧ ಗಂಟೆ ಮಾತಾಡಿದ್ರು.

ಮಂದೆನ ಗುಂಡಿ ತನಕ ತರೋದೇ ನಿಜವಾದ ಕೆಲಸ ಅಂತ ಆ ಹುಡುಗ ಹೇಳಿದ. ಬೈಸನ್ ಬೆದರಿಸಿದ್ರೆ ಎತ್ತಲೋ ಓಡತ್ತೆ, ಹಾಗಾಗಿ ಮೊದಲು ಬೆದರಿಸೋ ಹಾಗಿಲ್ಲ, ದಿನಗಟ್ಟಲೆ ನಿಧಾನ ಸರಿಸ್ಬೇಕು. ಬಯಲಿನ ಈ ಥರದ ಜಾಗಗಳಲ್ಲಿ ಕಲ್ಲಿನ ಗುಡ್ಡೆ ಸಾಲು ಸಾಲಾಗಿ ಇಟ್ಟು ಆಲಿಕೆ ಥರ ದಾರಿ ಮಾಡ್ತಿದ್ರು. ಕೆನಡಾದ ಆಲ್ಬರ್ಟಾದಲ್ಲಿ ಹೆಡ್-ಸ್ಮ್ಯಾಶ್ಡ್-ಇನ್ ಅಂತ ಇಂಥದ್ದೇ ಒಂದು ಬಂಡೆ ಅಂಚಿದೆ, ಯುನೆಸ್ಕೋ ಪಟ್ಟಿಲಿದೆ, ಅಲ್ಲಿ ಆ ಸಾಲು ಕಿಲೋಮೀಟರುಗಟ್ಟಲೆ ಹೋಗತ್ತೆ, ಐದೂವರೆ ಸಾವಿರ ವರ್ಷ ಬಳಸಿದ್ದಾರೆ. ಬ್ಲ್ಯಾಕ್‌ಫುಟ್ ಜನರ ಹುಡುಗರು ಕರುವಿನ ತೊಗಲು ಹೊದ್ದು, ಕಳೆದುಹೋದ ಕರು ಥರ ಕೂಗ್ತಾ ಮುಂದೆ ಹೋದ್ರೆ ಹಸುಗಳು ಹಿಂದೆ ಬರ್ತಾ ಇದ್ವು, ಕೊನೆ ಗಳಿಗೆಲಿ ಮಾತ್ರ ಹಿಂದಿಂದ ಗಲಾಟೆ. ನಾನು ಇದನ್ನ ಹೇಳಿದಾಗ ಅಪ್ಪ ನಡೆಯೋದು ನಿಲ್ಲಿಸಿದ್ರು. ಕರು ಸತ್ತ ಹಸು ಹಾಲು ಬಿಡಲಿ ಅಂತ ನಮ್ಮ ಕಡೆ ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ ಮುಂದೆ ಇಡ್ತಿದ್ರಲ್ಲ, ಹಳೆ ಕಾಲದಲ್ಲಿ ಎಷ್ಟೋ ಮನೇಲಿ ಅದು ಇತ್ತು. ಅದೇ ತೊಗಲು, ಅದೇ ತಾಯಿ. "ಒಬ್ಬ ಹಾಲಿಗೆ ಮಾಡಿದ, ಒಬ್ಬ ಮಾಂಸಕ್ಕೆ ಮಾಡಿದ" ಅಂತ ಅಂದ್ಕೊಂಡು ಮುಂದೆ ಹೋದ್ರು. ರಾತ್ರಿ ಊಟ ಮಾಡೋವಾಗ ಮತ್ತೆ ಬಳ್ಳಾರಿ ಕಡೆ ಬೂದಿಗುಡ್ಡೆ ನೆನಪು ಮಾಡಿಕೊಂಡ್ರು, ಕುಡತಿನಿ ಹತ್ರ ರಸ್ತೆ ಪಕ್ಕಾನೇ ಇರೋದು, ಅಲ್ಲಿ ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ದನ ಸಾಕ್ತಿದ್ದೋರು ಸಗಣಿ ರಾಶಿ ಹಾಕಿ ಸುಟ್ಟು ಸುಟ್ಟು ಆದ ದಿಬ್ಬ. ಹಂಪಿ ಪಕ್ಕ ನಿಂಬಾಪುರದಲ್ಲಿ ಅಂಥದ್ದನ್ನೇ ವಾಲಿಯ ಚಿತೆಯ ಬೂದಿ ಅಂತಾರೆ. ನಮ್ಮಲ್ಲಿ ದನದ ಜೊತೆ ಬದುಕಿದ್ದು ಬೂದಿಯಾಗಿ ಉಳೀತು, ಇಲ್ಲಿ ಎಲುಬಾಗಿ.

ಹೊರಗೆ ಅಟ್‌ಲಾಟ್ಲ್ ಎಸೆಯೋಕೆ ಕೊಡ್ತಾರೆ, ಬಿಲ್ಲು ಬರೋ ಮುಂಚಿನ ಸಾಧನ, ಒಂದು ಕೊಕ್ಕೆ ಕೋಲಿಂದ ಉದ್ದ ಭರ್ಜಿ ಬೀಸಿ ಎಸೆಯೋದು. ನಂದು ಹತ್ತಡಿ ಹೋಯ್ತು. ಅಪ್ಪಂದು ಗುರಿ ಹಲಗೆ ಹತ್ರ ಬಿತ್ತು, ಆ ಫೋಟೋ ಈಗ ಊರಿನ ವಾಟ್ಸಾಪ್ ಗ್ರೂಪಲ್ಲೆಲ್ಲ ಓಡಾಡ್ತಿದೆ.

ದಿನ 5: ಕಸ್ಟರ್ ಪಾರ್ಕ್

ವಾಪಸ್ ಬರೋ ದಾರಿಲಿ ಸೌತ್ ಡಕೋಟದ ಕಸ್ಟರ್ ಸ್ಟೇಟ್ ಪಾರ್ಕ್, ಸಾವಿರದ ಮುನ್ನೂರು ಬೈಸನ್ ಹತ್ತಿರ ಹತ್ತಿರ ಇದಾವೆ. ಅಷ್ಟು ಸಾವಿರ ವರ್ಷ ಹಳ್ಳಕ್ಕೆ, ಗುಂಡಿಗೆ, ಬಂಡೆಗೆ ಬೀಳಿಸಿದ್ರೂ ಮುಗಿಯದ ಪ್ರಾಣಿನ 1800ರ ದಶಕದಲ್ಲಿ ಕೋವಿ, ರೈಲು, ತೊಗಲಿನ ವ್ಯಾಪಾರ ಸೇರಿ ಕೆಲವೇ ದಶಕದಲ್ಲಿ ಕೋಟಿಗಳಿಂದ ಸುಮಾರು ಒಂದು ಸಾವಿರಕ್ಕೆ ಇಳಿಸಿದ್ದು, ಅದನ್ನ ಬೋರ್ಡಲ್ಲಿ ಓದಿ ಅಪ್ಪ ಕಾರಿಗೆ ಬಂದು ಕೂತ್ರು, ಏನೂ ಅನ್ನಲಿಲ್ಲ.

ವೈಲ್ಡ್‌ಲೈಫ್ ಲೂಪ್ ರಸ್ತೆಲಿ ಎರಡು ಮೈಲಿ ಹೋಗೋದ್ರೊಳಗೆ ಮಂದೆ ರಸ್ತೆ ಮೇಲೇ ಬಂತು. ಎಂಜಿನ್ ಆಫ್ ಮಾಡಿ ಕೂತ್ವಿ. ಅರ್ಧ ಗಂಟೆ ಆಯ್ತು, ನಲವತ್ತು ನಿಮಿಷ ಆಯ್ತು. ಕರುಗಳು ಕಿತ್ತಳೆ ಬಣ್ಣ, ಅಪ್ಪ ಒಂದೊಂದಕ್ಕೂ ವಯಸ್ಸು ಹೇಳ್ತಾ ಇದ್ರು, ಇದು ಎರಡು ತಿಂಗಳು, ಇದಕ್ಕೆ ಇನ್ನೂ ಆರು ವಾರ, ಇದು ತಡವಾಗಿ ಹುಟ್ಟಿದ್ದು, ಚಳಿಗಾಲಕ್ಕೆ ಕಷ್ಟ. ಒಂದು ದೊಡ್ಡ ಹೋರಿ ನಮ್ಮ ಬಾನೆಟ್ ಪಕ್ಕಾನೇ ಬಂದು ನಿಲ್ತು, ಉಸಿರು ಕಿಟಕಿ ಗಾಜಿಗೆ ಹತ್ತುವಷ್ಟು ಹತ್ರ, ಮೂಗಿನ ಹೊಳ್ಳೆ ಅರಳಿಸಿ ಅರಳಿಸಿ ಏನೋ ಹುಡುಕ್ತಾ ಇತ್ತು. ಅಪ್ಪ ತಮ್ಮ ಕಡೆ ಕಿಟಕಿ ಎರಡು ಬೆರಳಷ್ಟು ಇಳಿಸಿದ್ರು, ನಾನು ಬೇಡಿ ಅಪ್ಪ ಅಂದ್ರೂ ಕೇಳಲಿಲ್ಲ.

"ಗಾಳಿ ನಮ್ಮ ಕಡೆಯಿಂದ ಅದರ ಕಡೆಗಿದೆ" ಅಂತ ಪಿಸುಗುಟ್ಟಿದ್ರು. "ಅದಕ್ಕೆ ನಾವ್ಯಾರು ಅಂತ ಪೂರ್ತಿ ಗೊತ್ತಾಗಿದೆ."

ಹಿಂದಿನ ಸೀಟಿಂದ ಅಮ್ಮ ಮೆಲ್ಲಗೆ ಚಟ್ನಿಪುಡಿ ಡಬ್ಬಿ ಮುಚ್ಚಳ ಹಾಕಿದ ಸದ್ದು ಕೇಳ್ತು.